ಷೆಫೀಲ್ಡಿನ ಬೂಷ್ಟು

ಇಂಗ್ಲೆಂಡಿನ ವಿದ್ಯಾಪೀಠಗಳೆಂದೊಡನೆ ನಮ್ಮ ಮನಸ್ಸು ಆಕ್ಸ್‌ಫರ್ಡು ಕೇಂಬ್ರಿಜ್ಜುಗಳ ಕಡೆಗೆ ಹರಿಯುವುದು ಸಹಜವಾದರೂ, ಪೆನಿಸಿಲಿನ್ನಿನ ಚರಿತ್ರೆಯನ್ನು ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ಒಂದೇ ನೆಗೆತದಲ್ಲಿ ದಾಟಿಸಿಬಿಡುವ ಪಾಠಪುಸ್ತಕಗಳು ನಡುವಣ ಒಂದು ಊರಿಗೆ ಅನ್ಯಾಯವನ್ನೆಸಗಿವೆ ಎಂದೇ ನನ್ನ ದೃಢವಾದ ಅಭಿಪ್ರಾಯ. ಆ ಊರು ಷೆಫೀಲ್ಡು.

ಚಾಕು ಕತ್ತರಿಗಳ ಊರದು. ಒಣ ಸಾಣೆಯ ಮುಂದೆ ಬಾಗಿ ಕುಳಿತು ಮುಳ್ಳುಚಮಚಗಳನ್ನು ಉಜ್ಜುತ್ತಿದ್ದ ಕಾರ್ಮಿಕರು ಕಲ್ಲಿನ ಮತ್ತು ಉಕ್ಕಿನ ಧೂಳನ್ನು ಉಸಿರಾಡಿ, ನಡುಹರೆಯವನ್ನು ಕಾಣುವ ಮೊದಲೇ ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಸಾಣೆಗಾರರ ಉಬ್ಬಸವೆಂದು ಹೆಸರಾದ ಈ ವ್ಯಾಧಿಯನ್ನು ಅಲ್ಲಿನ ವೈದ್ಯರಾದ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿಯೇ ಗ್ರಂಥರೂಪದಲ್ಲಿ ವಿವರಿಸಿದರು. ಪೆಥಾಲಜಿ ಎಂಬ ರೋಗನಿದಾನಶಾಸ್ತ್ರವು ಆ ಊರಿಗೆ ಹೊರಗಿನಿಂದ ಬಂದ ಅಲಂಕಾರವಾಗಿರಲಿಲ್ಲ, ಅದು ಅಲ್ಲಿನ ಶ್ವಾಸಕೋಶಗಳಲ್ಲಿಯೇ ಹುಟ್ಟಿತ್ತು. 1828ರಲ್ಲಿ ಸ್ಥಾಪಿತವಾದ ವೈದ್ಯಶಾಲೆಯು 1897ರಲ್ಲಿ ಫರ್ತ್ ಕಾಲೇಜು ಮತ್ತು ತಾಂತ್ರಿಕ ಶಾಲೆಗಳೊಡನೆ ಕೂಡಿಕೊಂಡು, 1905ರಲ್ಲಿ ರಾಜಶಾಸನದಿಂದ ವಿಶ್ವವಿದ್ಯಾಲಯವಾದಾಗ, ಕುಲುಮೆಯ ಕೂಲಿಗಳೂ ಕಾರ್ಖಾನೆಯ ಆಳುಗಳೂ ಪೆನ್ನಿ ಪೆನ್ನಿಯಾಗಿ ಕೊಟ್ಟ ಹಣ ಅದರ ಬುನಾದಿಯಲ್ಲಿ ಸೇರಿದ್ದಿತು.

ಇಂತಹ ವಿದ್ಯಾಲಯಕ್ಕೆ ಸೇರಿದ ಸೆಸಿಲ್ ಜಾರ್ಜ್ ಪೇನ್ ಎಂಬ ಇಪ್ಪತ್ತೈದರ ಹರೆಯದ ವೈದ್ಯರು 1930ರಲ್ಲಿ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ರೋಗನಿದಾನದ ಕೆಲಸದಲ್ಲಿದ್ದರು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರ ಶಿಷ್ಯರಾಗಿದ್ದ ಇವರು, ಪೆನಿಸಿಲಿನ್ನನ್ನು ಸ್ರವಿಸುವ ಬೂಷ್ಟನ್ನು ಕುರಿತು ಗುರುಗಳು 1929ರಲ್ಲಿ ಪ್ರಕಟಿಸಿದ ಲೇಖನವನ್ನು ಓದಿ, ಅವರಿಂದಲೇ ಆ ಬೂಷ್ಟಿನ ಬೀಜವನ್ನು ತರಿಸಿಕೊಂಡು, ಮಾಂಸರಸದಲ್ಲಿ ಬೆಳೆಸಿ, ಆ ರಸವನ್ನು ಸೋಸಿ, ಮೊದಲಿಗೆ ಗಡ್ಡದ ಕೂದಲ ಬುಡದಲ್ಲಿ ಕೀವಾಗುವ ಚರ್ಮರೋಗಕ್ಕೆ ಹಚ್ಚಿ ನೋಡಿದರು. ಗುಣವಾಗಲಿಲ್ಲ. ಬಳಿಕ ನೇತ್ರವೈದ್ಯರಾದ ಆಲ್ಬರ್ಟ್ ನಟ್ಟರ ಸಹಕಾರದಿಂದ, ಹುಟ್ಟುವಾಗಲೇ ತಾಯಿಯಿಂದ ಸೋಂಕು ತಗುಲಿ ಕಣ್ಣು ಕೀವುಗಟ್ಟಿದ್ದ ಹಸುಗೂಸುಗಳಿಗೆ ಅದನ್ನು ಹಾಕಿದರು. ಆಗಿನ ಕಾಲದಲ್ಲಿ ಎಷ್ಟೋ ಶಿಶುಗಳನ್ನು ಆಜನ್ಮ ಕುರುಡರನ್ನಾಗಿಸುತ್ತಿದ್ದ ಆ ರೋಗ ಇಳಿಯಿತು, ಕಣ್ಣು ತಿಳಿಯಾಯಿತು. ಕಲ್ಲಿನ ಚೂರು ಸಿಡಿದು ಕಣ್ಣಿನಲ್ಲಿ ಸೋಂಕು ಕೂಡಿಕೊಂಡಿದ್ದ ಕಲ್ಲಿದ್ದಲ ಗಣಿಯ ಅಧಿಕಾರಿಯೊಬ್ಬನ ದೃಷ್ಟಿಯೂ ಉಳಿಯಿತು. ಪೆನಿಸಿಲಿನ್ನಿನಿಂದ ಮನುಷ್ಯನಿಗೆ ಗುಣವಾದುದಕ್ಕೆ ಲಿಖಿತ ಸಾಕ್ಷಿಯಿರುವ ಮೊದಲನೆಯ ಸಂದರ್ಭಗಳಿವು. ಆಕ್ಸ್‌ಫರ್ಡಿನ ಪ್ರಸಿದ್ಧವಾದ ಪ್ರಯೋಗಗಳಿಗೆ ಇನ್ನೂ ಹತ್ತು ವರ್ಷಗಳಿದ್ದವು!

ಪೇನ್ ಇದನ್ನು ಪ್ರಕಟಿಸಲಿಲ್ಲ. ಬೂಷ್ಟು ಒಮ್ಮೆ ಬೆಳೆದಂತೆ ಮತ್ತೊಮ್ಮೆ ಬೆಳೆಯದು, ರಸದ ಶಕ್ತಿ ದಿನದಿನಕ್ಕೆ ಕುಂದುವುದು, ಅದನ್ನು ಶುದ್ಧಿಗೊಳಿಸುವ ದಾರಿ ಕಾಣದು. ಅಷ್ಟರಲ್ಲಿ ಸ್ತ್ರೀಯರ ಆಸ್ಪತ್ರೆಗೆ ವರ್ಗವಾಗಿ, ಬಾಣಂತಿಯರನ್ನು ಕೊಲ್ಲುತ್ತಿದ್ದ ಸೂತಿಕಾಜ್ವರದ ಅಧ್ಯಯನದಲ್ಲಿ ಅವರು ಮುಳುಗಿದರು. 1932ರಲ್ಲಿ ಹೋವರ್ಡ್ ಫ್ಲೋರಿಯವರು ಷೆಫೀಲ್ಡಿಗೆ ರೋಗನಿದಾನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದು ಮೂರು ವರ್ಷ ಇದ್ದರು. ತಮ್ಮ ಅನುಭವವನ್ನು ಅವರಿಗೆ ಹೇಳಿದೆನೆಂದು ಪೇನ್ ಮುಂದೆ ಸ್ಮರಿಸಿಕೊಂಡಿದ್ದಾರೆ. ಫ್ಲೋರಿಯವರು ಆಗ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ವೃದ್ಧಾಪ್ಯದಲ್ಲಿ ಪೇನ್ ತಮ್ಮನ್ನೇ ಹಳಿದುಕೊಂಡರು. ಆ ತೀರ್ಪನ್ನು ನಾನು ಒಪ್ಪಲಾರೆ. ಮುಂದೆ ಆಕ್ಸ್‌ಫರ್ಡಿಗೆ ಹೋಗಿ ಪೆನಿಸಿಲಿನ್ನನ್ನು ಕೈಗೆತ್ತಿಕೊಂಡ ಫ್ಲೋರಿಯವರಿಗೆ ಅಲ್ಲಿ ಅರ್ನ್ಸ್ಟ್ ಚೇನರಂತಹ ರಸಾಯನಜ್ಞರಿದ್ದರು. ಸೋಸಿದ ರಸವನ್ನು ಆಮ್ಲಗೊಳಿಸಿ ಈಥರಿಗೆ ಇಳಿಸಿ, ಅಲ್ಲಿಂದ ಮತ್ತೆ ನೀರಿಗೆ ಮರಳಿಸುವ ಉಪಾಯವನ್ನು ಕಂಡುಹಿಡಿದ ನಾರ್ಮನ್ ಹೀಟ್ಲಿಯವರೂ ಇದ್ದರು. ಪೇನರ ಪಕ್ಕದಲ್ಲಿ ಅಂತಹ ಒಬ್ಬ ರಸಾಯನಜ್ಞನೂ ಇರಲಿಲ್ಲ. ರೋಗಿಗಳ ರಕ್ತ ಕಫಗಳ ಪರೀಕ್ಷೆಯನ್ನು ದಿನವಿಡೀ ಮಾಡಿ, ಉಳಿದ ಹೊತ್ತಿನಲ್ಲಿ ಬೂಷ್ಟು ಬೆಳೆಸುವ ಯುವಕನೊಬ್ಬನ ಹೆಗಲಿಗೆ ಒಂದು ಯುಗದ ಹೊಣೆಯನ್ನು ಹೇರಿ, ಅವನು ಅದನ್ನು ಹೊರಲಿಲ್ಲವೆಂದು ದೂರುವುದು ನ್ಯಾಯವೇ? ಸಣ್ಣ ಊರಿನ ವಿದ್ಯಾಲಯಕ್ಕೆ ಸಂಶೋಧನೆಯೇಕೆ, ಪಾಠ ಹೇಳಿಕೊಂಡಿದ್ದರೆ ಸಾಲದೆ ಎಂದು ಕೇಳುವವರು ಈ ಸಂಗತಿಯನ್ನು ನಿಧಾನವಾಗಿ ಆಲೋಚಿಸಬೇಕು: ಅಲ್ಲಿ ರೋಗಿಯಿದ್ದನು, ಔಷಧವಿದ್ದಿತು, ಕಾಣುವ ಕಣ್ಣಿದ್ದಿತು, ಒಬ್ಬ ರಸಾಯನಜ್ಞನ ಸಂಬಳವೂ ಒಂದಿಷ್ಟು ಬಿಡುವೂ ಇರಲಿಲ್ಲ.

ಫ್ಲೋರಿಯವರು ಹೊರಟ 1935ರಲ್ಲಿಯೇ ಜೀವರಸಾಯನಜ್ಞರಾದ ಹಾನ್ಸ್ ಕ್ರೆಬ್ಸ್ ಷೆಫೀಲ್ಡಿಗೆ ಬಂದರು. ಯೆಹೂದ್ಯರೆಂಬ ಕಾರಣದಿಂದ 1933ರಲ್ಲಿ ಫ್ರೈಬುರ್ಗಿನ ಕೆಲಸವನ್ನು ಕಳೆದುಕೊಂಡು, ಕೇಂಬ್ರಿಜ್ಜಿನಲ್ಲಿ ಆಶ್ರಯ ಪಡೆದಿದ್ದ ಅವರಿಗೆ ಈ ಹೊಗೆಯ ಊರು ಅಧ್ಯಾಪಕವೃತ್ತಿಯನ್ನು ಕೊಟ್ಟಿತು. ವಿಲಿಯಂ ಜಾನ್ಸನ್ ಎಂಬ ವಿದ್ಯಾರ್ಥಿಯನ್ನು ಜೊತೆಗಿಟ್ಟುಕೊಂಡು, ಪಾರಿವಾಳದ ಎದೆಯ ಸ್ನಾಯುವನ್ನು ಕೊಚ್ಚಿ, ಅದು ಹೀರುವ ಆಮ್ಲಜನಕವನ್ನು ಅಳೆದು ಅಳೆದು, ಉಂಡ ಅನ್ನವು ಜೀವಕೋಶದಲ್ಲಿ ಉರಿದು ಶಕ್ತಿಯಾಗುವ ಸಿಟ್ರಿಕ್ ಆಮ್ಲಚಕ್ರವನ್ನು ಅವರು 1937ರಲ್ಲಿ ನಿರೂಪಿಸಿದರು. ನೇಚರ್ ಪತ್ರಿಕೆ ಆ ಬರಹವನ್ನು ಸ್ವೀಕರಿಸಲಿಲ್ಲ. ಎನ್‌ಜೈಮೊಲೊಜಿಯಾ ಎಂಬ ಬೇರೊಂದು ಪತ್ರಿಕೆಯಲ್ಲಿ ಅದು ಬೆಳಕು ಕಂಡಿತು. ಕ್ರೆಬ್ಸ್‌ರಿಗೆ ಮಾತ್ರ ಷೆಫೀಲ್ಡಿನಲ್ಲಿ ಪ್ರಯೋಗಶಾಲೆಯಿತ್ತು, ಶಿಷ್ಯರಿದ್ದರು, ಮುಂದೆ ಅವರದೇ ಆದ ವಿಭಾಗವೂ ಆಯಿತು. 1953ರಲ್ಲಿ ನೊಬೆಲ್ ಪಾರಿತೋಷಕ ಬಂದಾಗಲೂ ಅವರು ಅದೇ ಊರಿನಲ್ಲಿದ್ದರು. ಏಳೇ ವರ್ಷಗಳ ಅಂತರದಲ್ಲಿ, ಒಂದೇ ಊರಿನಲ್ಲಿ, ಒಬ್ಬನ ಕೆಲಸ ಕಡತದೊಳಗೆ ಉಳಿಯಿತು, ಮತ್ತೊಬ್ಬನದು ಲೋಕವನ್ನು ಮುಟ್ಟಿತು.

ಪೇನರು ಕಣ್ಣು ಉಳಿಸಿದ ರೋಗಿಗಳ ಚಿಕಿತ್ಸಾಪತ್ರಗಳಲ್ಲಿ ಕೆಲವು ನಾಶವಾಗದೆ ಉಳಿದಿದ್ದವು. ಷೆಫೀಲ್ಡಿನವರೇ ಆದ ಮಿಲ್ಟನ್ ವೇನ್‌ರೈಟ್ ಮತ್ತು ಹೆರಾಲ್ಡ್ ಸ್ವಾನ್ ಅವನ್ನು ಹುಡುಕಿ ತೆಗೆದು 1986ರಲ್ಲಿ ಪ್ರಕಟಿಸಿದರು. ಪೇನ್ ಅಚ್ಚುಹಾಕಿಸದೆ ಬಿಟ್ಟುದು ಐವತ್ತಾರು ವರ್ಷಗಳ ತರುವಾಯ, ಅದೇ ಊರಿನವರ ಕೈಯಿಂದ, ಅಚ್ಚಾಯಿತು.