ಅಜ್ಜಿಯ ಹಾಡು, ಗುಂಯ್ಗುಡುವ ಮೈಕು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ಮನೆಗೆ ಬಂದಳು. ತಂದೆಯ ಕೈಯಲ್ಲಿ ಲ್ಯಾಪ್‌ಟಾಪ್, ಮಗಳ ಕೈಯಲ್ಲಿ ಉದ್ದ ವೈರಿನ ಮೈಕು. ಶಾಲೆಯ ಜಾನಪದ ಪ್ರಾಜೆಕ್ಟಿಗೆಂದು ಅಜ್ಜಿಯ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡಿದ್ದರಂತೆ. ಎಂಬತ್ತು ದಾಟಿದ ಅಜ್ಜಿ ಒಂದು ಗಂಟೆ ಕುಳಿತು ಹಾಡಿದ್ದಾರೆ. ಆಮೇಲೆ ಹಾಕಿ ಕೇಳಿದರೆ ಹಾಡಿನುದ್ದಕ್ಕೂ ಗುಂಯ್ ಎಂಬ ಸದ್ದು, ಅದರ ಮೇಲೆ ಒಡಕು ದನಿ.

“ಸೌಂಡ್ ಕಾರ್ಡ್ ಕೆಟ್ಟಿರಬೇಕು ಮೇಷ್ಟ್ರೇ. ಹೊಸ ಕಂಪ್ಯೂಟರೇ ತಗೊಳ್ಳೋಣ ಅಂತಿದ್ದೀನಿ” ಎಂದರು ತಂದೆ.

“ಸ್ವಲ್ಪ ತಾಳಿ. ನಾಡಿ ನೋಡದೆ ಔಷಧಿ ಕೊಡೋದು ಬೇಡ” ಎಂದೆ.

ಮಕ್ಕಳೇ, ಸೌಂಡ್ ಕಾರ್ಡ್ ಎಂದರೇನು? 1990ರ ದಶಕದಲ್ಲಿ ಅದು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಒಳಗೆ ಕೂರಿಸುವ ಪ್ರತ್ಯೇಕ ಹಲಗೆ. ಇಂದು ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದೇ ಕೆಲಸವನ್ನು ಒಳಗಿರುವ ಪುಟ್ಟ ಚಿಪ್ ಮಾಡುತ್ತದೆ. ಮೈಕು ಗಾಳಿಯ ಕಂಪನವನ್ನು ಅತಿ ಸಣ್ಣ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಚಿಪ್ ಆ ಸಂಕೇತವನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿಸುತ್ತದೆ. ಅಷ್ಟೊಂದು ಸಲ ಏಕೆ? ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸುತ್ತದೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಮಾತ್ರ ಅಲೆಯ ಆಕಾರ ಸರಿಯಾಗಿ ಸಿಗುತ್ತದೆ.

ಹಾಗಾದರೆ ಧ್ವನಿಯ ದಾರಿ ಹೀಗೆ: ಮೈಕು, ವೈರು, ಜ್ಯಾಕು, ಚಿಪ್, ತಂತ್ರಾಂಶ, ಕೊನೆಗೆ ಸ್ಪೀಕರು. ದೋಷ ಈ ದಾರಿಯಲ್ಲಿ ಎಲ್ಲೋ ಇದೆ. ಹುಡುಕುವ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದನ್ನೇ.

ಮೊದಲು ಕಂಪ್ಯೂಟರಿನಲ್ಲಿದ್ದ ಬೇರೊಂದು ಹಾಡು ಹಾಕಿದೆವು. ಚೆನ್ನಾಗಿ ಕೇಳಿಸಿತು, ಸ್ಪೀಕರ್ ಸರಿಯಿದೆ. ನಂತರ ಹೊರಗಿನ ಮೈಕು ತೆಗೆದು, ಲ್ಯಾಪ್‌ಟಾಪಿನೊಳಗಿನ ಮೈಕಿನಲ್ಲೇ ಹತ್ತು ಸೆಕೆಂಡು ಮುದ್ರಿಸಿದೆವು. ಗುಂಯ್ ಇಲ್ಲ! ಹೊರಗಿನ ಮೈಕು ಸಿಕ್ಕಿಸಿದೆವು, ಗುಂಯ್ ಬಂತು. ಚಾರ್ಜರ್ ಕಿತ್ತೆವು, ಗುಂಯ್ ಹೋಯಿತು. ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದರ ಕಂಪನ ಚಾರ್ಜರಿನ ಮೂಲಕ ಮೈಕಿನ ಸಂಕೇತದೊಳಗೆ ನುಸುಳಿತ್ತು. ಮುದ್ರಣದ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ ಓಡಿಸಿದರೆ ಸಾಕು. ಗುಂಯ್ ನಿಲ್ಲಲೆಂದು ಪ್ಲಗ್ಗಿನ ಮೂರನೇ ಪಿನ್ ಮಾತ್ರ ಎಂದೂ ಕೀಳಬೇಡಿ. ಅದು ಪ್ರಾಣ ಕಾಯುವ ಪಿನ್.

ಇನ್ನು ಒಡಕು ದನಿ. ಸೆಟಿಂಗ್ಸ್ ತೆರೆದು ನೋಡಿದರೆ ಮೈಕಿನ ಮಟ್ಟ 100, ಮೇಲೆ 30 ಡೆಸಿಬೆಲ್ ಬೂಸ್ಟ್ ಬೇರೆ. ಅಂದರೆ ಸಂಕೇತದ ವೋಲ್ಟೇಜ್ ಸುಮಾರು 32 ಪಟ್ಟು! “ಅಜ್ಜಿ ದನಿ ಸಣ್ಣದು ಅಂತ ನಾನೇ ಏರಿಸಿದೆ ಸಾರ್” ಎಂದಳು ಹುಡುಗಿ. 16 ಬಿಟ್ ಮುದ್ರಣದಲ್ಲಿ ಬರೆಯಲು 65,536 ಮೆಟ್ಟಿಲುಗಳಷ್ಟೇ ಇವೆ. ಸಂಕೇತ ಅದನ್ನು ಮೀರಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಗುಂಯ್ ಸದ್ದನ್ನು ತಂತ್ರಾಂಶದಿಂದ ಬಹುಮಟ್ಟಿಗೆ ತಗ್ಗಿಸಬಹುದು. ಕತ್ತರಿಸಿದ ಅಲೆ ಪೂರ್ತಿಯಾಗಿ ಮರಳಿ ಬರದು. ಬೂಸ್ಟ್ ತೆಗೆದು, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಅತಿ ಜೋರಿನ ಸಾಲಿಗೂ ಮಾಪಕ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು.

ಕೆಲವರ ಮನೆಯಲ್ಲಿ ಸದ್ದೇ ಮುದ್ರಣವಾಗುವುದಿಲ್ಲ. ಆಗ ಇವನ್ನು ನೋಡಿ:

1. ಮೇಜಿನ ಕಂಪ್ಯೂಟರಿನಲ್ಲಿ ಮೈಕಿನ ತೂತು ಸಾಮಾನ್ಯವಾಗಿ ಗುಲಾಬಿ ಬಣ್ಣದ್ದು, ಹಸಿರು ಸ್ಪೀಕರಿನದು.

2. ಒಂದೇ ತೂತಿನ ಲ್ಯಾಪ್‌ಟಾಪಿಗೆ ಪಿನ್ನಿನಲ್ಲಿ ಮೂರು ಗೆರೆಯಿರುವ ಮೈಕು ಬೇಕು. ಎರಡೇ ಗೆರೆ ಇದ್ದರೆ ಅಡಾಪ್ಟರ್ ಬೇಕಾದೀತು.

3. ತಂತ್ರಾಂಶದಲ್ಲಿ ಸರಿಯಾದ ಮೈಕನ್ನೇ ಆಯ್ದಿದ್ದೀರಾ, ಅದು ಮ್ಯೂಟ್ ಆಗಿಲ್ಲವಷ್ಟೇ?

4. ವಿಂಡೋಸ್‌ನ ಪ್ರೈವಸಿ ಸೆಟಿಂಗ್ಸ್‌ನಲ್ಲಿ ಮೈಕು ಬಳಸಲು ಅನುಮತಿ ಕೊಟ್ಟಿದ್ದೀರಾ?

ಇಷ್ಟಾದ ಮೇಲೂ ಆಗದಿದ್ದರೆ ರಿಪೇರಿಯವರ ಬಳಿ ಹೋಗಿ.

ಮರುವಾರ ಅಜ್ಜಿ ಮತ್ತೆ ಹಾಡಿದರು. ಮುದ್ರಣ ಸ್ವಚ್ಛವಾಗಿ ಬಂತು. ಆದರೆ ಮೊದಲ ದಿನ ಹಾಡಿದ್ದ ಎರಡು ಪದಗಳು ಎಷ್ಟು ಯೋಚಿಸಿದರೂ ಅವರ ನೆನಪಿಗೆ ಬರಲಿಲ್ಲವಂತೆ. ಹುಡುಗಿ ಅಳುಮುಖ ಮಾಡಿಕೊಂಡು ಬಂದಳು. “ಹಳೆಯ ಫೈಲು ಅಳಿಸಿಲ್ಲ ತಾನೇ? ಒಡಕು ದನಿಯಲ್ಲೂ ಮಾತು ತಿಳಿಯುತ್ತೆ. ಕೇಳಿ ಬರೆದುಕೋ, ಅಜ್ಜಿಗೆ ಓದಿ ಹೇಳು” ಎಂದೆ. ಮೊದಲ ಸಾಲು ಓದುತ್ತಲೇ ಅಜ್ಜಿ ಒಂದು ಪದವನ್ನು ಪೂರ್ತಿ ಹಾಡಿದರಂತೆ. ಇನ್ನೊಂದು ಆ ಒಡಕು ದನಿಯಲ್ಲಷ್ಟೇ ಉಳಿದಿದೆ.

ಪಾಲಕರೇ, ನಿಮ್ಮ ಮನೆಯಲ್ಲೂ ಹಾಡುವ, ಕಥೆ ಹೇಳುವ ಹಿರಿಯರಿದ್ದರೆ ಮಕ್ಕಳ ಕೈಗೆ ಮೈಕು ಕೊಡಿ. ಮೊದಲು ಹತ್ತು ಸೆಕೆಂಡು ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ ನೋಡಲಿ. ಆಮೇಲೆ ಹಿರಿಯರನ್ನು ಹಾಡಲು ಕೂರಿಸಲಿ.