ಪ್ರೋಟೀನು ಕಟ್ಟದ ಜೀನು

ಇಲಿಯ ಜೀನಿನ ಮೇಲೆ ವರ್ಷಗಟ್ಟಲೆ ಸರ್ಕಾರದ ದುಡ್ಡು ಸುರಿಯುವುದೇಕೆ? ನಮ್ಮೂರು ಮರಿಯಮ್ಮನಹಳ್ಳಿಯವರು ಹೀಗೆ ಕೇಳಿದರೆ ತಪ್ಪಿಲ್ಲ. ಕಾಯಿಲೆ ಬಿದ್ದರೆ ಹೊಸಪೇಟೆ, ಅಲ್ಲಾಗದಿದ್ದರೆ ಬಳ್ಳಾರಿ, ಕ್ಯಾನ್ಸರ್ ಅಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಎಂದು ಅಲೆಯುವವರ ಪ್ರಶ್ನೆ ಅದು. ಆದರೆ ಅದನ್ನು ತೀರಾ ಬೇಗ ಕೇಳಿದರೆ ನಷ್ಟವಾಗುವುದೂ ಅವರಿಗೇ.

ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಎಂ.ಆರ್.ಎಸ್. ರಾವ್ ಅವರ ತಂಡ, ವೀರ್ಯಾಣು ಹುಟ್ಟುವ ಹೊತ್ತಿಗೆ ಇಲಿಯ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಳ್ಳುವ ಜಾಗಗಳನ್ನು ಹುಡುಕುತ್ತಿತ್ತು. ಅಂಥ ಒಂದು ಜಾಗದಲ್ಲಿ 2,400 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಸಿಕ್ಕಿತು. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. 2004ರಲ್ಲಿ ಅದನ್ನು ಎಂಆರ್‌ಎಚ್‌ಎಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ನಮ್ಮ ಜೀನೋಮಿನಲ್ಲಿ ಪ್ರೋಟೀನಿಗೆ ಸಂಕೇತವಾಗುವ ಭಾಗ ಶೇ 2ಕ್ಕಿಂತ ಕಡಿಮೆ ಎಂದು ಪಿಯುಸಿ ಪುಸ್ತಕದಲ್ಲೇ ಇದೆ. ಉಳಿದದ್ದೆಲ್ಲ ಕೆಲಸದ್ದೆಂದು ಹೇಳಲಾಗದು. ಆದರೆ ಈ ಆರ್‌ಎನ್‌ಎ ಕೆಲಸ ಮಾಡುತ್ತಿತ್ತು. ಪಿ68 ಎಂಬ ಪ್ರೋಟೀನಿನ ಜೊತೆಗೂಡಿ ಕೋಶದೊಳಗಿನ ವಿಂಟ್ ಎಂಬ ಸಂಕೇತಸರಣಿಯನ್ನು ತಡೆದು ಹಿಡಿದಿತ್ತು. ನಮ್ಮೂರ ನಾಟಕದ ಮೇಷ್ಟ್ರಂತೆ, ತಾನು ವೇಷ ಕಟ್ಟದೆ ಯಾರು ಯಾವಾಗ ರಂಗಕ್ಕೆ ಬರಬೇಕೆಂದು ನೋಡಿಕೊಳ್ಳುವ ಜೀನು.

ಮನುಷ್ಯರಲ್ಲೂ ಇದರ ಜೋಡಿ ಇದೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳ ಮಾದರಿಗಳಲ್ಲಿ ಅದರ ಮಟ್ಟ ಹೆಚ್ಚಿರುವುದನ್ನು ರಾವ್ ತಂಡ 2021ರಲ್ಲಿ ವರದಿ ಮಾಡಿತು. ಅದನ್ನು ಅಡಗಿಸಿದಾಗ ಲ್ಯಾಬಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯೂ ಹರಡುವಿಕೆಯೂ ತಗ್ಗಿದವು. ರಾವ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ಇಲಿಯಿಂದ ಶುರುವಾದ ಹುಡುಕಾಟ ಮನುಷ್ಯರ ರಕ್ತದವರೆಗೆ ಬಂದುದನ್ನು ಅವರು ಕಂಡರೆಂಬುದು ನನಗೆ ಸಮಾಧಾನ.

ಇಷ್ಟರಿಂದಲೇ ರೋಗಕ್ಕೆ ಈ ಜೀನೇ ಕಾರಣ ಎನ್ನುವುದು ದುಡುಕು. ಮಟ್ಟ ಏರಿದ್ದರಿಂದ ರೋಗ ಬಂತೋ, ರೋಗ ಬಂದದ್ದರಿಂದ ಮಟ್ಟ ಏರಿತೋ ಎಂಬುದನ್ನು ಬಿಡಿಸಿ ನೋಡಬೇಕು. ಗಾಜಿನ ತಟ್ಟೆಯ ಕೋಶವೇ ಬೇರೆ, ಜೀವಂತ ದೇಹವೇ ಬೇರೆ. ಇಂಥ ಸುದ್ದಿಯನ್ನು ಔಷಧಿ ಸಿಕ್ಕಿತೆಂದು ಬರೆಯುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಆದರೆ ಇದೇ ಲ್ಯುಕೇಮಿಯಾದ ಚರಿತ್ರೆ ನೋಡಿ. 1960ರಲ್ಲಿ ಫಿಲಡೆಲ್ಫಿಯಾದ ನೊವೆಲ್ ಮತ್ತು ಹಂಗರ್‌ಫರ್ಡ್ ಎಂಬ ಸಂಶೋಧಕರು ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಗಿಡ್ಡಾದ ವರ್ಣತಂತುವೊಂದನ್ನು ಕಂಡರು. ಅದರಿಂದ ಆಗ ಯಾವ ರೋಗಿಗೂ ಒಂದು ಗುಳಿಗೆ ಸಿಗಲಿಲ್ಲ. ಆ ಜಾಡು ಹಿಡಿದು ನಡೆದ ಕೆಲಸದಿಂದ ಇಮಾಟಿನಿಬ್ ಎಂಬ ಔಷಧಿ ಬಂದದ್ದು 2001ರಲ್ಲಿ. ಹಾಗಾಗಿ ಸಂಶೋಧಕರನ್ನು ನಾವು ಖಂಡಿತ ಲೆಕ್ಕ ಕೇಳೋಣ: ಪ್ರಯೋಗ ಗಟ್ಟಿಯಾಗಿದೆಯೇ, ಇನ್ನೊಂದು ಲ್ಯಾಬಿನಲ್ಲಿ ಮಾಡಿದರೂ ಅದೇ ಫಲ ಬರುತ್ತದೆಯೇ ಎಂದು. ಔಷಧಿ ಯಾವ ವರ್ಷ ಬರುತ್ತದೆ ಎಂದು 1960ರಲ್ಲಿ ಕೇಳಿದ್ದರೆ ಆ ಇಬ್ಬರಲ್ಲಿ ಉತ್ತರವಿರುತ್ತಿರಲಿಲ್ಲ.