ಹೆಬ್ಬೆರಳಿನ ವೇಗ

ಕಳೆದ ವಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಒಂದು ವಾಗ್ಯುದ್ಧ ನಡೆಯಿತು. ವಿಷಯ ಚುನಾವಣೆಯಲ್ಲ, ವೇತನವೂ ಅಲ್ಲ. ಅಮೆರಿಕದ ಒಂದು ಹಳೆಯ ಮೋಟಾರು ಗಾಡಿ. ಮುದ್ದೇಬಿಹಾಳದ ಕಡೆಯ ತರುಣ ಗುಮಾಸ್ತರೊಬ್ಬರು ತಮ್ಮ ಮೊಬೈಲಿನಲ್ಲಿ ಅದರ ಚಿತ್ರವನ್ನು ತೋರಿಸಿದರು. ಏಣಿಯೊಂದನ್ನು ನೆಲಕ್ಕೆ ಮಲಗಿಸಿ ನಾಲ್ಕು ಗಾಲಿ ಕಟ್ಟಿದಂತಿತ್ತು ಅದರ ರೂಪ. ಚಾಲಕನು ಹಿಂದಿನ ಗಾಲಿಗಳಿಗೂ ಹಿಂದೆ, ಬಂಡಿಯ ಬಾಲದಲ್ಲಿ ತೂಗುಹಾಕಿದವನಂತೆ ಕುಳಿತಿದ್ದನು. ಟೈರುಗಳು ಮೊದಲಿನಿಂದ ಕೊನೆಯವರೆಗೂ ಹೊಗೆಯುಗುಳುತ್ತಿದ್ದವು.

"1960ರಲ್ಲಿಯೇ ಇದು ಗಂಟೆಗೆ ಇನ್ನೂರು ಮೈಲಿ ದಾಟಿತ್ತು ಸರ್" ಎಂದರು ಗುಮಾಸ್ತರು.

"ಅಳೆದವರು ಯಾರು?" ಎಂದರು ಬಸವನ ಬಾಗೇವಾಡಿಯವರಾದ ನಮ್ಮ ಭೌತಶಾಸ್ತ್ರದ ಮಿತ್ರರು.

ಆ ಪ್ರಶ್ನೆಯನ್ನು ಕೇಳಿದೊಡನೆ ನನಗೆ ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರಮಾವನ ನೆನಪಾಯಿತು. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ನಮ್ಮ ಕಡೆ ಕರಿ ಹರಿಯುವ ಆಚರಣೆಯಿರುವುದನ್ನು ಓದುಗರಲ್ಲಿ ಅನೇಕರು ಬಲ್ಲರು. ಕೋಡಿಗೆ ಬಣ್ಣ, ಮೈಗೆ ಜೂಲ, ಕೊರಳಿಗೆ ಗೆಜ್ಜೆಸರ ತೊಡಿಸಿದ ಎತ್ತುಗಳನ್ನು ಅಗಸಿಯತ್ತ ಓಡಿಸುವರು. ಅಲ್ಲಿ ಅಡ್ಡ ಕಟ್ಟಿದ ಕರಿಯನ್ನು ಮೊದಲು ಹರಿದ ಎತ್ತೇ ಆ ವರ್ಷದ ವೀರ. ಬಿಳಿಯ ಎತ್ತು ಹರಿದರೆ ಹಿಂಗಾರಿ ಬೆಳೆ ಚೆನ್ನು, ಕೆಂದೆತ್ತು ಹರಿದರೆ ಮುಂಗಾರಿ ಚೆನ್ನು ಎಂದು ಹಿರಿಯರು ಫಲ ಹೇಳುವರು. ಒಮ್ಮೆ ಮಾವನ ಎತ್ತು ಕರಿ ಹರಿಯಿತು. ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: ತನ್ನ ಎತ್ತು ಇಂಡಿಯ ಬಸ್ಸಿಗಿಂತ ಜೋರು!

ಎಂ.ಎ. ಮುಗಿಸಿದ ಹೊಸತರಲ್ಲಿ ನನಗೆ ಜಗತ್ತನ್ನೆಲ್ಲ ತಿದ್ದುವ ಹಂಬಲವಿತ್ತು. ಮರುವರ್ಷ ಹಗ್ಗ ಹಿಡಿದು ಓಟದ ಹಾದಿಯನ್ನು ಅಳೆದೆ: 110 ಮೀಟರು. ಮೊಬೈಲಿನ ಗಡಿಯಾರವನ್ನು ಹೆಬ್ಬೆರಳಿನಿಂದ ಒತ್ತಿ ಎಣಿಸಿದೆ: 12 ಸೆಕೆಂಡು. ಗುಣಿಸಿ ಭಾಗಿಸಿ, ಹತ್ತು ಜನರ ಮುಂದೆ, "ಮಾವಾ, ಗಂಟೆಗೆ ಬರೇ 33 ಕಿಲೋಮೀಟರು" ಎಂದೆ. ಕಟ್ಟೆಯ ಮೇಲಿದ್ದವರು ನಕ್ಕರು. ಮಾವ ನಗಲಿಲ್ಲ. ಎತ್ತಿನ ಬೆನ್ನು ನೇವರಿಸುತ್ತ, "ಎತ್ತಿನ ಓಟಾ ಅಳದೀ ಅಳಿಯಾ. ನಿನ್ನ ಹೆಬ್ಬಟ್ಟಿನ ಓಟಾ ಅಳದವರು ಯಾರು?" ಎಂದನು. ಆಮೇಲೆ ಎರಡು ವರ್ಷ ಹಬ್ಬಕ್ಕೆ ನನ್ನನ್ನು ಕರೆಯಲಿಲ್ಲ.

ಆ ಪ್ರಶ್ನೆಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಹೆಬ್ಬೆರಳು ಅರ್ಧ ಸೆಕೆಂಡು ತಡವರಿಸಿದ್ದರೆ 33 ಎಂಬುದು 34ಕ್ಕೆ ಏರಬಹುದಿತ್ತು, 32ಕ್ಕೆ ಇಳಿಯಲೂ ಬಹುದಿತ್ತು. ಎತ್ತಿನ ಮಟ್ಟಿಗೆ ಇದು ಅಲ್ಪ ವ್ಯತ್ಯಾಸ. ಆದರೆ ಗುಮಾಸ್ತರು ತೋರಿಸಿದ ಆ ಏಣಿಬಂಡಿಯ ಕತೆಯಲ್ಲಿ ಮನುಷ್ಯನೊಬ್ಬನ ಕೀರ್ತಿ ನಿಂತದ್ದು ಇದಕ್ಕಿಂತ ಎಷ್ಟೋ ಸಣ್ಣ ಕಾಲಾಂಶದ ಮೇಲೆ.

ಡ್ರ್ಯಾಗ್ ರೇಸ್ ಎಂಬ ಆ ಪಂದ್ಯವು ನಮ್ಮ ಕರಿ ಹರಿಯುವ ಓಟದ ದೂರದ ದಾಯಾದಿಯೆನ್ನಬಹುದು. ಎರಡು ಗಾಡಿಗಳು ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಕಾಲು ಮೈಲಿ, ಎಂದರೆ 1,320 ಅಡಿ, ಓಡಬೇಕು, ತಿರುವಿಲ್ಲ, ಸುತ್ತಿಲ್ಲ. ಅಲ್ಲಿ ಎರಡು ಲೆಕ್ಕಗಳನ್ನು ಇಡುವರು. ಹೊರಟ ಗಳಿಗೆಯಿಂದ ಗುರಿ ಮುಟ್ಟುವವರೆಗಿನ ಕಾಲ ಒಂದು. ಗುರಿಯ ಬಳಿಯ ವೇಗ ಇನ್ನೊಂದು. ಈ ಎರಡನ್ನು ಬೆರೆಸಿದ್ದರಿಂದಲೇ ಅರ್ಧ ಜಗಳಗಳು ಹುಟ್ಟಿವೆ. ವೇಗವನ್ನು ಅಳೆಯಲು ಆ ಕಾಲದಲ್ಲಿ ಅಂತ್ಯರೇಖೆಗೆ 66 ಅಡಿ ಮೊದಲು ಒಂದು, 66 ಅಡಿ ಆಚೆಗೆ ಒಂದು ಬೆಳಕಿನ ಕಿರಣವನ್ನು ಹಾಯಿಸುತ್ತಿದ್ದರು. ಗಾಡಿಯು ನಡುವಣ 132 ಅಡಿಗಳನ್ನು ದಾಟಿದ ಕಾಲದಿಂದ ವೇಗವನ್ನು ಗುಣಿಸಿ ತೆಗೆಯುವುದು ಕ್ರಮ.

1960ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ ಎಂಬಲ್ಲಿ ಕ್ರಿಸ್ ಕ್ಯಾರಮೆಸಿನಸ್ ಎಂಬಾತನು ಗಂಟೆಗೆ 204.54 ಮೈಲಿ ಓಡಿದನೆಂದು ಗಡಿಯಾರ ತೋರಿಸಿತು. ಬಹಳ ಮಂದಿ ನಂಬಲಿಲ್ಲ. ನಾಲ್ಕು ವರ್ಷಗಳ ಬಳಿಕ, 1964ರ ಆಗಸ್ಟ್ 1ರಂದು, ನ್ಯೂಜೆರ್ಸಿಯಲ್ಲಿ ಡಾನ್ ಗಾರ್ಲಿಟ್ಸ್ 201.34 ಮೈಲಿ ಓಡಿದನು. ಇನ್ನೂರರ ಗಡಿಯನ್ನು ದಾಟಿದ ಮೊದಲಿಗನೆಂಬ ಅಧಿಕೃತ ಮನ್ನಣೆ ಸಂದುದು ಅವನಿಗೆ.

ನಮ್ಮ ಭೌತಶಾಸ್ತ್ರದ ಮಿತ್ರರು ಕಾಗದದ ಮೇಲೆ ಲೆಕ್ಕ ಹಾಕಿದರು. ಗಂಟೆಗೆ 200 ಮೈಲಿಯ ಗಾಡಿ 132 ಅಡಿ ದಾಟಲು ಬೇಕಾಗುವುದು 0.45 ಸೆಕೆಂಡು. 204.54 ಮೈಲಿಯ ಗಾಡಿಗೆ 0.44 ಸೆಕೆಂಡು. ವ್ಯತ್ಯಾಸ ಒಂದು ಸೆಕೆಂಡಿನ ನೂರನೆಯ ಒಂದು ಪಾಲು! ಗಡಿಯಾರವು ಅಷ್ಟರ ಮಟ್ಟಿಗೆ ಎಡವಿದ್ದರೆ ಕ್ಯಾರಮೆಸಿನಸ್ ಓಡಿದ್ದು ಇನ್ನೂರೇ ಇರಬಹುದು. ಇನ್ನೊಂದು ಪಾಲು ಎಡವಿದ್ದರೆ 195ರ ಆಸುಪಾಸು. ಎಡವದಿದ್ದರೆ? ಲೋಕವು ಅವನಿಗೆ ಅನ್ಯಾಯ ಮಾಡಿದಂತಾಯಿತು. ಗಾರ್ಲಿಟ್ಸ್‌ನ 201.34 ಮೈಲಿಗೆ 0.447 ಸೆಕೆಂಡು. ಅವರಿಬ್ಬರ ನಡುವಣ ಅಂತರವು ಕಣ್ಣೆವೆ ಮುಚ್ಚುವ ಹೊತ್ತಿನ ಒಂದು ಚೂರು. ಇಂಥ ಲೆಕ್ಕದಲ್ಲಿ ನನ್ನ ಹೆಬ್ಬೆರಳಿನ ಗತಿ ಏನಾದೀತು!

ಹಾಗಾದರೆ ಆ ಹಳೆಯ ಗಾಡಿಗಳ ವೇಗವೆಲ್ಲ ಬರಿಯ ಹೊಗೆಯೇ? ಅಲ್ಲ. ಗಾರ್ಲಿಟ್ಸ್ ಅಂದು ಕಾಲು ಮೈಲಿ ಮುಗಿಸಿದ್ದು 7.78 ಸೆಕೆಂಡಿನಲ್ಲಿ. ಸರಾಸರಿ ತೆಗೆದರೆ ಗಂಟೆಗೆ 116 ಮೈಲಿಯೂ ಆಗದು, "ಇಷ್ಟೇ ಏನು?" ಎಂದು ಕೆಲವರು ಮೂಗು ಮುರಿದಾರು. ಆದರೆ ಈ ಸರಾಸರಿಯಲ್ಲಿ ಸ್ತಬ್ಧವಾಗಿ ನಿಂತಿದ್ದ ಮೊದಲ ಗಳಿಗೆಯೂ ಸೇರಿದೆ. ಒಂದೇ ಸಮನಾಗಿ ವೇಗ ಏರಿಸುತ್ತ ಹೋಗುವ ಗಾಡಿಯು ಕೊನೆಯಲ್ಲಿ ಸರಾಸರಿಯ ಎರಡರಷ್ಟು ವೇಗದಲ್ಲಿರಬೇಕು, ಅಂದರೆ 231 ಮೈಲಿ. ಇವನದು 201ಕ್ಕೆ ನಿಂತಿತು. ಎಂದಮೇಲೆ ಅದರ ನಿಜವಾದ ಆರ್ಭಟವಿದ್ದುದು ಆರಂಭದಲ್ಲಿ. ಇಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬಹುದಾದ ಅತಿವೇಗದ ವಿದ್ಯುತ್ ಕಾರು ಕೂಡ ಕಾಲು ಮೈಲಿಗೆ ಎಂಟು ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಆ ಬಲದ ಗುಟ್ಟು ನೈಟ್ರೋಮೀಥೇನ್ ಎಂಬ ಇಂಧನ. ಅದರಲ್ಲಿ ಆಮ್ಲಜನಕವೂ ಅಡಗಿರುವುದರಿಂದ, ಎಂಜಿನ್ ಒಂದೇ ಉಸಿರಿಗೆ ಪೆಟ್ರೋಲಿಗಿಂತ ಎಷ್ಟೋ ಪಾಲು ಹೆಚ್ಚು ಇಂಧನವನ್ನು ಉರಿಸಬಲ್ಲುದು. ಬೆಲೆಯೂ ಹಾಗೆಯೇ ತೆರಬೇಕಾಗಿತ್ತು. 1970ರಲ್ಲಿ ಗಾರ್ಲಿಟ್ಸ್‌ನ ಗಾಡಿಯ ಗೇರುಪೆಟ್ಟಿಗೆ ಸಿಡಿದು ಅವನ ಬಲಪಾದದ ಒಂದು ಭಾಗವೇ ಹೋಯಿತು. ಆಸ್ಪತ್ರೆಯಿಂದ ಹೊರಬಂದವನು ಎಂಜಿನನ್ನು ಚಾಲಕನ ಹಿಂದಕ್ಕೆ ಸರಿಸಿ ಹೊಸ ಗಾಡಿಯನ್ನು ಕಟ್ಟಿದನು. ಬಳಿಕ ಉಳಿದವರೂ ಅದೇ ಹಾದಿ ಹಿಡಿದರು.

ಇಂಥ ಲೆಕ್ಕದ ಗೊಂದಲ ನಮ್ಮ ನಾಡಿಗೂ ಹೊಸದಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ತ್ರೈರಾಶಿ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟನ 9.58 ಮುರಿಯಿತೆಂದು ದೇಶವೆಲ್ಲ ಕೂಗಿತು. ಬೋಲ್ಟನ ನೂರು ಮೀಟರಿನಲ್ಲಿ ನಿಂತಲ್ಲಿಂದ ಏಳುವ ನಿಧಾನಗತಿಯ ಪಾಲು ದೊಡ್ಡದು. ಓಟ ಉದ್ದವಾದಷ್ಟೂ ಆ ಪಾಲು ಚಿಕ್ಕದಾಗುತ್ತದೆ. ಸಾಲದುದಕ್ಕೆ ಒಬ್ಬನು ಒಂಟಿ, ಇನ್ನೊಬ್ಬರ ಮುಂದೆ ಎರಡು ಕೋಣ. ಈ ವಿವೇಕ ಎಲ್ಲರಿಗಿಂತ ಹೆಚ್ಚಾಗಿ ಇದ್ದುದು ಗೌಡರಲ್ಲಿಯೇ. ಕೀರ್ತಿಯಲ್ಲಿ ಕೋಣಗಳಿಗೂ ಪಾಲು ಕೊಟ್ಟು, ಓಟದ ಪರೀಕ್ಷೆಗೆ ಬಂದ ಕರೆಯನ್ನು ವಿನಯದಿಂದ ನಿರಾಕರಿಸಿದರು.

ಈ ಸಲದ ಕಾರಹುಣ್ಣಿಮೆಗೆ ಮಾವನಿಂದ ಕರೆ ಬಂತು. ಹೋಳಿಗೆ ಉಂಡ ಮೇಲೆ ಕಟ್ಟೆಯ ಮೇಲೆ ಕುಳಿತು ಕ್ಯಾರಮೆಸಿನಸ್‌ನ ಕತೆಯನ್ನೂ ಆ ನೂರನೆಯ ಒಂದು ಪಾಲನ್ನೂ ವಿವರಿಸಿ ಹೇಳಿದೆ. ಹೆಬ್ಬೆರಳಿನ ತಪ್ಪನ್ನೂ ಒಪ್ಪಿಕೊಂಡೆ. ಮಾವ ಎಲೆಯಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿದನು.

"ಅದೆಲ್ಲಾ ಇರಲಿ, ಕರಿ ಹರದವರು ಯಾರು?" ಎಂದನು.

ಅಲ್ಲಿಯ ಪಂದ್ಯದಲ್ಲಿಯೂ ಗೆಲ್ಲುವವನು ಮೊದಲು ಗುರಿ ದಾಟಿದವನೇ. ಗಾಡಿ ಕದಲಿದ ಮೇಲೆಯೇ ಅದರ ಗಡಿಯಾರ ಹೊರಡುವುದರಿಂದ, ದೀಪ ಕಂಡೊಡನೆ ಜಿಗಿದವನು ಹೆಚ್ಚು ಕಾಲ ತೆಗೆದುಕೊಂಡೂ ಗೆಲ್ಲಬಹುದು ಎಂದು ಹೇಳಿದೆ. ಮಾವನ ಮುಖ ಅರಳಿತು. "ಹಾಂಗಾದರ ಶಾಣ್ಯಾ ಮಂದಿ" ಎಂದು ಎದ್ದು, ಮುದಿಯಾದ ಎತ್ತಿಗೆ ನೀರು ಕುಡಿಸಲು ಕೊಟ್ಟಿಗೆಯತ್ತ ನಡೆದನು.